ಅಕ್ಕೋರು ಬರೆದ ಐರ್ಲೆಂಡಿನ ಹೆಣ್ಣುಮಗಳು

ಚಿಕ್ಕೋಡಿಯ ಕೋರ್ಟಿನ ಎದುರು ಸಾಲಿನಲ್ಲಿ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. ಮದುವೆಯಾಗಿ ಪಾಲಬಾವಿಯಿಂದ ಇಲ್ಲಿಗೆ ಬಂದ ಮೂರನೇ ವರ್ಷಕ್ಕೆ ಹಾಕಿದ್ದು. ಹಿಸ್ಸೆ ಪತ್ರ, ಬದುವಿನ ತಕರಾರು, ಹೆಸರು ತಿದ್ದುಪಡಿಯ ಅಫಿಡವಿಟ್ಟು, ಹೊಲದ ಉತಾರ ಹೀಗೆ ಊರವರ ಕಾಗದಗಳೆಲ್ಲ ನನ್ನ ಬೆರಳಿನ ಮೂಲಕ ಹಾದುಹೋಗುತ್ತವೆ. ಟೈಪ್ ಮಾಡುವಾಗ ನಾನು ಅರ್ಥಕ್ಕೆ ಗಮನ ಕೊಡುವವಳಲ್ಲ. ಅಕ್ಷರ ನೋಡುತ್ತೇನೆ, ಬೆರಳು ಹೊಡೆಯುತ್ತದೆ, ಅಷ್ಟೇ. ಆ ಅಭ್ಯಾಸವನ್ನು ಕೆಡಿಸಿದವರು ಅಕ್ಕೋರು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಇವರು ಸದಲಗಾದವರು. ರಾಯಬಾಗದಲ್ಲೂ ಚಿಕ್ಕೋಡಿಯಲ್ಲೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ. ಯಾಕೆ ಎಂಬುದು ಮುಂದೆ ಓದಿದವರಿಗೆ ತಿಳಿಯುತ್ತದೆ.

ಮಳೆಗಾಲ ಶುರುವಾದ ಹೊತ್ತಿಗೆ ಒಂದು ಮಧ್ಯಾಹ್ನ ಅವರು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದದ ಕಟ್ಟೊಂದನ್ನು ಸುತ್ತಿಕೊಂಡು ಬಂದರು.

"ಇದನ್ನ ಟೈಪ್ ಮಾಡಿ ಕೊಡ್ತಿಯೇನವಾ?"

"ಯಾವ ಕೇಸಿಂದ್ರಿ ಅಕ್ಕೋರ್ರ?" ಎಂದೆ ನಾನು, ರೂಢಿಯಂತೆ.

"ಕೇಸ್ ಅಲ್ಲ. ಒಬ್ಬ ಹೆಣ್ಣಮಗಳ ಜೀವನ. ಐರ್ಲೆಂಡ್ ಅಂತ ಒಂದ್ ದೇಶ ಐತಿ. ನೂರೈವತ್ತು ವರ್ಷಕ್ಕೂ ಹಿಂದಿನಾಕಿ. ಕವಿತಾ ಬರೀತಿದ್ಲು."

ಕಟ್ಟು ಬಿಚ್ಚಿದೆ. ಫುಲ್‌ಸ್ಕೇಪ್ ಹಾಳೆಯ ತುಂಬ ಅವರ ಅಕ್ಷರ. ಈ ಸುತ್ತಮುತ್ತಲಲ್ಲಿ ಆ ಅಕ್ಷರವನ್ನು ನೋಡದವರು ಕಡಿಮೆ. ಬೋರ್ಡಿನ ಮೇಲೆ ಅವರು ಬರೆದದ್ದನ್ನು ಒರೆಸಲು ಮನಸ್ಸಾಗುತ್ತಿರಲಿಲ್ಲ ಎಂದು ಅವರಲ್ಲಿ ಕಲಿತವರು ಈಗಲೂ ಹೇಳುತ್ತಾರೆ. ದುಂಡಗೆ, ಬಿಡಿಬಿಡಿಯಾಗಿ, ಒತ್ತಿಗೆ ಒತ್ತು ಸರಿಯಾಗಿ ಕೂತ ಅಕ್ಷರ.

ಬರವಣಿಗೆಯಲ್ಲಿ ಎಲ್ಲಿಯೂ ಹೆಸರಿರಲಿಲ್ಲ. "ಆಕೆ", "ಆಕೆಯ ತಂದೆ", "ಆ ಊರು", "ಆಳುವವರು" ಇಷ್ಟೇ. ಕೇಳಿದೆ. "ಆ ಹೆಸರು ನಮ್ಮ ಬಾಯಾಗ ತಿರುಗೂದಿಲ್ಲವಾ. ಓದೋರು ಅಲ್ಲೇ ಎಡವಿ ಪುಸ್ತಕ ಮುಚ್ಚಿಡ್ತಾರ. ಹೆಸರೆಲ್ಲಾ ಕಡೀಕ ಒಂದ್ ಪುಟದಾಗ ಕೊಡ್ತೀನಿ" ಎಂದರು. ಆಗ ಅದು ನನಗೆ ಜಾಣತನವಾಗಿ ಕಂಡಿತು.

ಮೂರು ವಾರಕ್ಕೊಂದು ಅಧ್ಯಾಯ ತರುತ್ತಿದ್ದರು. ಕೋರ್ಟಿನ ಗದ್ದಲ ಇಳಿದ ಮೇಲೆ, ನಾಲ್ಕು ಗಂಟೆಗೆ, ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂಡುತ್ತಿದ್ದರು. ಹಾಗೆ ನಾನು ಆ ಹೆಣ್ಣುಮಗಳನ್ನು ಸ್ವಲ್ಪಸ್ವಲ್ಪವಾಗಿ ತಿಳಿದುಕೊಂಡೆ. ಸಣ್ಣ ಊರಿನ ವೈದ್ಯನ ಮಗಳು. ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ. ಹದಿನಾರರ ಹೊತ್ತಿಗೆ ಒಂದು ವಾರಪತ್ರಿಕೆ ಕೈಗೆ ಬರುತ್ತದೆ. ನಮ್ಮ ದೇಶ ನಮ್ಮದಾಗಬೇಕು ಎಂದು ಬರೆಯುವ ಪತ್ರಿಕೆ. ಅದಕ್ಕೆ ಆಕೆ ಗಂಡಸಿನ ಹೆಸರಿನಲ್ಲಿ ಒಂದು ಪದ್ಯ ಕಳಿಸುತ್ತಾಳೆ. ಅಚ್ಚಾಗುತ್ತದೆ. ಊಟದ ಮೇಜಿನಲ್ಲಿ ಅಪ್ಪ ಅದನ್ನು ಗಟ್ಟಿಯಾಗಿ ಓದಿ, "ಯಾರೋ ಕಿಡಿಗೇಡಿ, ಆದರೆ ಬರೆಯಲು ಬಲ್ಲವನು" ಅನ್ನುತ್ತಾನೆ. ಮಗಳು ತಲೆ ತಗ್ಗಿಸಿ ಸೂಪು ಕುಡಿಯುತ್ತಾಳೆ.

ಆಮೇಲೆ ಬರುತ್ತದೆ ಆಲೂಗಡ್ಡೆಗೆ ರೋಗ ಬಿದ್ದ ಕಾಲ. ಸಂಜೆ ಹಸಿರಾಗಿದ್ದ ಹೊಲ ಬೆಳಗಾಗುವಷ್ಟರಲ್ಲಿ ಕಪ್ಪಾಗಿ, ಊರಿಗೆ ಊರೇ ಕೊಳೆತು ನಾರಿದ್ದು. ಜನ ದಾರಿಯಂಚಿನ ಹುಲ್ಲು ತಿಂದದ್ದು, ಸತ್ತವರ ಬಾಯಿ ಹಸಿರಾಗಿದ್ದದ್ದು. ಅದೇ ಹೊತ್ತಿನಲ್ಲಿ ಬಂದರಿನಿಂದ ಧಾನ್ಯ ತುಂಬಿದ ಹಡಗುಗಳು ನೀರಿನಾಚೆ, ಆಳುವವರ ದೇಶಕ್ಕೆ ಹೋಗುತ್ತಲೇ ಇದ್ದದ್ದು. ಆ ಅಧ್ಯಾಯ ಟೈಪ್ ಮಾಡಿದ ದಿನ ಸಂತೆಯಿಂದ ಆಲೂಗಡ್ಡೆ ತಂದಿದ್ದೆ. ಹೆಚ್ಚಲು ಕೈ ಬರಲಿಲ್ಲ. ನನ್ನ ಗಂಡ, "ಅಡಗಿ ಮನ್ಯಾಗ ಕುಂತ್ ಯಾಕ ಅಳಾಕತ್ತಿ?" ಎಂದು ಕೇಳಿದ.

ಒಂದು ವಿಷಯ ನನಗೆ ತಿಳಿಯಲಿಲ್ಲ. ಆಳುವವರ ಮೇಲೆ ಅಷ್ಟು ಸಿಟ್ಟಿದ್ದವಳು ಬರೆದದ್ದು ಆಳುವವರ ಇಂಗ್ಲಿಷಿನಲ್ಲೇ.

"ಯಾಕ್ರಿ ಅಕ್ಕೋರ್ರ? ಆಕಿಗೆ ತಮ್ಮ ಭಾಷಾ ಇರಲಿಲ್ಲೇನು?"

"ಇತ್ತು. ಅಡಗಿ ಮಾಡಾಕಿ ಬಾಯಾಗ ಕೇಳಿದ್ಲು ಅಷ್ಟ." ಹಾಳೆಗಳನ್ನು ಜೋಡಿಸುತ್ತ, "ನಾ ನಾಕನೇ ಇಯತ್ತೆ ತನಕ ಮರಾಠಿ ಸಾಲ್ಯಾಗ ಕಲತೀನಿ. ಮನ್ಯಾಗ ಕನ್ನಡ. ನಮ್ಮವ್ವ ಸಿಟ್ಟು ಬಂದ್ರ ಮರಾಠ್ಯಾಗ ಬೈತಿದ್ಲು, ಅಳು ಬಂದ್ರ ಕನ್ನಡದಾಗ ಅಳ್ತಿದ್ಲು. ನನ್ನ ಭಾಷಾ ಯಾವ್ದು ಹೇಳು?" ಎಂದು ನಕ್ಕರು.

ಅಕ್ಟೋಬರ್ ಬಂತು. ನಮ್ಮ ಕಡೆ ಆ ತಿಂಗಳು ಬಂತೆಂದರೆ ಗಾಳಿ ಬೇರೆಯಾಗುತ್ತದೆ. ನವೆಂಬರ್ ಒಂದಕ್ಕೆ ಒಬ್ಬರು ಹಬ್ಬ ಮಾಡುತ್ತಾರೆ, ಇನ್ನೊಬ್ಬರು ಕಪ್ಪು ಪಟ್ಟಿ ಕಟ್ಟುತ್ತಾರೆ. ನಿಪ್ಪಾಣಿಯ ದಾರಿಯಲ್ಲಿ ಕೆಲವು ಸಲ ಮಹಾರಾಷ್ಟ್ರದ ಬಸ್ಸುಗಳು ನಿಲ್ಲುತ್ತವೆ, ಆ ಕಡೆ ನಮ್ಮವು ನಿಲ್ಲುತ್ತವೆ. ಬೋರ್ಡಿಗೆ ಮಸಿ ಬಳಿಯುತ್ತಾರೆ. ಒಂದೇ ಓಣಿಯಲ್ಲಿ ಬೆಳೆದವರು ಎರಡು ವಾರ ಒಬ್ಬರನ್ನೊಬ್ಬರು ನೋಡದಂತೆ ನಡೆದು, ಕಬ್ಬು ಕಡಿಯುವ ಕಾಲ ಬಂದೊಡನೆ ಮತ್ತೆ ಚಹಾ ಕುಡಿಯುತ್ತಾರೆ. ನಾವು ಅದಕ್ಕೆ ಒಗ್ಗಿಹೋಗಿದ್ದೆವು.

ಆ ವಾರ ಬಂದ ಅಧ್ಯಾಯದಲ್ಲಿ ಒಂದು ಪುಟವಿತ್ತು. ಆ ಹೆಣ್ಣುಮಗಳ ಮನಸ್ಸಿನ ಮಾತನ್ನು ಅಕ್ಕೋರು ತಮ್ಮ ಮಾತಿನಲ್ಲಿ ಬರೆದದ್ದು. ಈ ಮಣ್ಣಿನಲ್ಲಿ ಬೆಳೆದದ್ದು ನಮ್ಮ ಬಾಯಿಗಿಲ್ಲ, ನಮ್ಮ ಮಾತಿಗೆ ಕಚೇರಿಯಲ್ಲಿ ಜಾಗವಿಲ್ಲ, ಬೇರೆ ನುಡಿಯಲ್ಲಿ ನಮ್ಮನ್ನು ಆಳುವವರು ನೀರಿನಾಚೆಗೆ ಹೋಗಲಿ, ಅದುವರೆಗೆ ನಮಗೆ ನಿದ್ದೆಯಿಲ್ಲ. ಓದಿ ನನ್ನ ಮೈ ಜುಮ್ಮೆಂದಿತು. ಅಕ್ಷರವಂತೂ ಕಣ್ಣಿಗೆ ಒತ್ತಿಕೊಳ್ಳುವಂತಿತ್ತು. ಅಕ್ಕೋರು ಆಗ ಅಂಗಡಿಯಲ್ಲಿ ಇರಲಿಲ್ಲ. ಫೋನ್ ತೆಗೆದು ಆ ಹಾಳೆಯ ಫೋಟೋ ಹೊಡೆದೆ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಕೆಳಗೆ ಒಂದು ಹೂವಿನ ಚಿತ್ರ. ಬೇರೆ ಏನೂ ಬರೆಯಲಿಲ್ಲ. ಇಂಥದ್ದೊಂದು ನನ್ನ ಅಂಗಡಿಯಲ್ಲಿ ತಯಾರಾಗುತ್ತಿದೆ ಎಂಬ ಹಮ್ಮು ನನಗೆ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಗಂಡ ತನ್ನ ಫೋನ್ ನನ್ನ ಮುಖದ ಮುಂದೆ ಹಿಡಿದ.

"ಇದೇನ ಇದು? ನಿಮ್ಮ ಅಕ್ಕೋರ ಅಕ್ಷರ ಅಲ್ಲಾ?"

ಅವನ ಗ್ರೂಪಿನಲ್ಲಿ ಅದೇ ಹಾಳೆ. ಯಾರೋ ಸ್ಕ್ರೀನ್‌ಶಾಟ್ ತೆಗೆದು, ನನ್ನ ಹೆಸರೂ ಹೂವೂ ಹೋಗುವಂತೆ ಕತ್ತರಿಸಿ ಕಳಿಸಿದ್ದರು. ಮೇಲೆ ಬೇರೆ ಯಾರೋ ಬರೆದಿದ್ದರು: ನಮ್ಮ ಅನ್ನ ಉಂಡು ಕನ್ನಡದ ಕಚೇರಿ ಬೇಡ ಅನ್ನುತ್ತಿರುವ ಗಡಿದ್ರೋಹಿ ಯಾರು? ಸಂಜೆಗೆ ಮರಾಠಿ ಗ್ರೂಪುಗಳಲ್ಲೂ ಅದೇ ಹಾಳೆ ಬಂತು. ಅಲ್ಲಿ ಅರ್ಥ ಬೇರೆ. ನೀರಿನಾಚೆ ಅಂದರೆ ದೂಧಗಂಗೆಯ ಆಚೆ. ಮರಾಠಿಯವರನ್ನು ಹೊಳೆ ದಾಟಿಸಿ ಓಡಿಸಬೇಕು ಅನ್ನುತ್ತಿದ್ದಾಳಂತೆ ಈ ಬಾಯಿ; ಮರಾಠಿಯಲ್ಲಿ ಹೆಂಗಸಿಗೆ ಹಾಗನ್ನುತ್ತಾರೆ. ಐರ್ಲೆಂಡ್ ಎಂಬ ಶಬ್ದ ಆ ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಸ್ಟೇಟಸ್ಸನ್ನು ಅಳಿಸಿದೆ. ಅಳಿಸಿ ಏನಾಗಬೇಕಿತ್ತು? ಆ ಅಕ್ಷರವನ್ನು ಗುರುತಿಸಲು ಯಾರಿಗೂ ಹೆಸರು ಬೇಕಿರಲಿಲ್ಲ. ಅಥಣಿಯಿಂದ ನಿಪ್ಪಾಣಿಯವರೆಗೆ ಅವರ ಶಿಷ್ಯರಿದ್ದರು.

"ನೀ ಹಾಕಿದ್ದ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದ ಗಂಡ. "ಸುಮ್ಮ ಕುಂದ್ರು. ತಾನಾಗೇ ತಣ್ಣಗಾಕ್ಕೈತಿ."

ತಣ್ಣಗಾಗಲಿಲ್ಲ. ಎರಡನೇ ದಿನ ಅಕ್ಕೋರ ಮನೆಗೆ ಹಾಲಿನವ ಬರಲಿಲ್ಲ. ಮೂರನೇ ದಿನ ಅವರ ಗೇಟಿನ ಮೇಲೆ ಅದೇ ಪುಟದ ಪ್ರಿಂಟು ಅಂಟಿಸಿ, ಅಡ್ಡ ಗೀಟು ಎಳೆದಿದ್ದರು. ಅದರ ಕೆಳಗೆ ಇನ್ನಾರೋ ಮರಾಠಿಯಲ್ಲಿ ಒಂದು ಸಾಲು ಬರೆದು ಹೋಗಿದ್ದರು. ನನ್ನ ಅಂಗಡಿಗೆ ಜನ ಮೊದಲಿನಂತೆಯೇ ಬರುತ್ತಿದ್ದರು. ಆದರೆ ಅಕ್ಕೋರು ಬಂದು ಸ್ಟೂಲಿನ ಮೇಲೆ ಕೂತರೆ, ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಪಕ್ಕದ ಅಂಗಡಿಗೆ ಸರಿಯುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯ ತಂದದ್ದು.

ಫೋಟೋ ಹಾಕಿದ್ದು ನಾನೆಂದು ಅಕ್ಕೋರಿಗೆ ಗೊತ್ತಾಗದೆ ಇರುತ್ತದೆಯೇ? ಹಾಳೆಯನ್ನು ಅವರು ಕೊಟ್ಟದ್ದು ನನ್ನೊಬ್ಬಳಿಗೇ. ಆದರೂ ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಏಳನೇ ಅಧ್ಯಾಯವನ್ನು ಮೇಜಿನ ಮೇಲಿಟ್ಟು, "ಇದೊಂದೀಟು ಲಗೂನ ಮಾಡವಾ" ಎಂದರು.

ಆ ಅಧ್ಯಾಯದಲ್ಲಿ ಆಕೆಯ ಒಂದು ಪದ್ಯ ಸಹಿಯಿಲ್ಲದೆ ಅಚ್ಚಾಗುತ್ತದೆ. ದಂಗೆಗೆ ಕರೆದದ್ದು ಎಂದು ಸರಕಾರ ಮುದ್ರಕನನ್ನು ಹಿಡಿದುಕೊಂಡು ಹೋಗುತ್ತದೆ. ಮುದ್ರಕ ಹೆಸರು ಹೇಳುವುದಿಲ್ಲ. ಆಕೆ ಕೈಗವಸು ಹಾಕಿಕೊಂಡು, ಒಬ್ಬಳೇ ಗಾಡಿ ಮಾಡಿಕೊಂಡು ಮ್ಯಾಜಿಸ್ಟ್ರೇಟನ ಮುಂದೆ ಹೋಗಿ, ಬರೆದವಳು ನಾನು ಅನ್ನುತ್ತಾಳೆ. ಆತ ನಗುತ್ತಾನೆ. ತಂದೆಯನ್ನು ಕರೆದುಕೊಂಡು ಬಾ ಮಗು ಅನ್ನುತ್ತಾನೆ. ಹೆಣ್ಣು ಇಂಥದ್ದನ್ನು ಬರೆದಾಳು ಎಂದು ಆತನಿಗೆ ನಂಬಿಕೆಯೇ ಬರುವುದಿಲ್ಲ. ಮುದ್ರಕ ಸೆರೆಮನೆಯಲ್ಲಿ ಕೆಮ್ಮಿ ಕೆಮ್ಮಿ ಸೊರಗುತ್ತಾನೆ. ಪತ್ರಿಕೆ ಮುಚ್ಚುತ್ತದೆ. ಆಕೆ ಆಮೇಲೆ ಎಷ್ಟೋ ವರ್ಷ ಒಂದು ಸಾಲೂ ಬರೆಯುವುದಿಲ್ಲ.

ಆ ಅಧ್ಯಾಯ ಮುಗಿಸಿ ಪ್ರಿಂಟ್ ತೆಗೆದುಕೊಂಡು ಅಕ್ಕೋರ ಮನೆಗೆ ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ. ದಾರಿಯಲ್ಲೆಲ್ಲ ಒಂದೇ ಮಾತನ್ನು ಕಟ್ಟಿಕೊಂಡಿದ್ದೆ. ಅಕ್ಕೋರ್ರ, ನಾನ ಹಾಕಿದ್ದು, ತಪ್ಪಾತು. ಅವರು ನನಗೆ ಮಾತಾಡಲು ಬಿಡದೆ, "ಚಹಾ ಮಾಡು, ನನಗೂ ಬೇಕಾಗೈತಿ" ಎಂದರು. ಒಳಗೆ ಚಹಾ ಕುದಿಯುತ್ತಿರುವಾಗ ಗೇಟಿನ ಸದ್ದಾಯಿತು. ಆರು ಜನ ಗಂಡಸರು. ಐವರು ಕುರ್ಚಿಗೂ ಮಂಚಕ್ಕೂ ಹರಡಿಕೊಂಡು ಕೂತರು. ಒಬ್ಬ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಅವನು ನನ್ನ ಗಂಡನ ಕಡೆಯ ದೂರದ ನೆಂಟ, ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮಿನ ಕೆಲಸದವನು. ನನ್ನನ್ನು ನೋಡಿ ಗುರುತಿನ ನಗೆ ನಕ್ಕ.

ಯಾರೂ ದನಿ ಎತ್ತಲಿಲ್ಲ. ಎಲ್ಲರೂ ಅವರನ್ನು ಅಕ್ಕೋರ್ರ ಎಂದೇ ಕರೆದರು. ಒಬ್ಬ ಕಾಲಿಗೂ ಬಿದ್ದ, ಅವರ ಹಳೆಯ ಶಿಷ್ಯನಂತೆ.

"ಅಕ್ಕೋರ್ರ, ಇದು ನಿಮ್ಮ ಅಕ್ಷರ ಹೌದಲ್ರಿ?"

"ಹೌದು."

"ಯಾರ ಬಗ್ಗೆ ಬರದದ್ದರಿ?"

ಅವರು ಹೇಳಿದರು. ದೇಶ, ಕಾಲ, ಆಲೂಗಡ್ಡೆ, ಹಡಗು ಎಲ್ಲವನ್ನೂ, ತರಗತಿಯಲ್ಲಿ ಹೇಳುವಂತೆ. ಆರೂ ಜನ ಕೇಳಿದರು. ಒಬ್ಬನು ತಲೆಯನ್ನೂ ಆಡಿಸಿದ. ಆಮೇಲೆ ಹಿರಿಯನಂತಿದ್ದವನು ಕೇಳಿದ: "ಆತ್ರಿ. ಆದ್ರ ಇದನ್ನ ವಾಟ್ಸಾಪಿಗೆ ಹಾಕಿದ್ದು ಯಾರು?"

ನನ್ನ ಕೈಯಲ್ಲಿ ಚಹಾದ ತಟ್ಟೆ. ಏಳು ಕಪ್ಪು. ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಬಿಳಿ ಕೈಗವಸು ಹಾಕಿಕೊಂಡು ಗಾಡಿಯಿಂದ ಇಳಿಯುವ ಹೆಣ್ಣುಮಗಳ ಬಗ್ಗೆ ಹಿಂದಿನ ದಿನವಷ್ಟೇ ಟೈಪ್ ಮಾಡಿದ್ದವಳು ನಾನು. ತಟ್ಟೆಯಲ್ಲಿದ್ದ ಕಪ್ಪುಗಳನ್ನು ಎಣಿಸತೊಡಗಿದೆ.

"ನಾನ," ಎಂದರು ಅಕ್ಕೋರು.

ಟೀಪಾಯಿಯ ಮೇಲೆ ಅವರ ಫೋನ್ ಇತ್ತು. ಗುಂಡಿ ಒತ್ತುವ ಹಳೆಯ ಫೋನ್. ಎಲ್ಲರ ಕಣ್ಣೂ ಒಮ್ಮೆ ಅದರ ಮೇಲೆ ಹರಿದು ಹೋಯಿತು.

ಆಮೇಲೆ ಒಬ್ಬ ಜೇಬಿನಿಂದ ಚೀಟಿ ತೆಗೆದ. ಓದಿದರೆ ಸಾಕು, ನಾವು ರೆಕಾರ್ಡ್ ಮಾಡಿಕೊಂಡು ಹೋಗುತ್ತೇವೆ, ನಿಮಗೇ ಒಳ್ಳೆಯದು ಎಂದರು. ಅಕ್ಕೋರು ಕನ್ನಡಕ ಹಾಕಿಕೊಂಡು ಚೀಟಿ ನೋಡಿದರು. "ಇದರಾಗ ಎರಡ ಕಾಗುಣಿತ ತಪ್ಪದಾವು" ಎಂದು, ಪೆನ್ನು ತೆಗೆದುಕೊಂಡು ತಿದ್ದಿದರು. ಆಮೇಲೆ ಓದಿದರು. ನಾಡಿನ ಜನರ ಮನಸ್ಸಿಗೆ ನೋವಾಗುವಂತೆ ಬರೆದು ಹಂಚಿದ್ದಕ್ಕೆ ಕೈಮುಗಿದು ಕ್ಷಮೆ ಕೇಳುತ್ತೇನೆ ಅಂತ. "ಕೈ ಮುಗೀರಿ ಅಕ್ಕೋರ್ರ" ಎಂದ ಫೋನ್ ಹಿಡಿದವನು. ಮುಗಿದರು. ಬೆಳಕು ಸರಿಯಾಗಲಿಲ್ಲವೆಂದು ಕಿಟಕಿಯ ಹತ್ತಿರ ಕೂರಿಸಿ ಇನ್ನೊಮ್ಮೆ ಓದಿಸಿದರು. ಚಹಾ ಕುಡಿದೇ ಎಲ್ಲರೂ ಎದ್ದದ್ದು. ಕಪ್ಪುಗಳನ್ನು ನಾನೇ ತೊಳೆದಿಟ್ಟೆ.

ಅವರು ಹೋದ ಮೇಲೆ ನಾನು ಬಾಯಿ ತೆರೆದೆ. "ಅಕ್ಕೋರ್ರ, ನಾ ಹೋಗಿ ಹೇಳ್ತೀನಿ, ನಾನ..."

"ಏನ್ ಹೇಳ್ತಿ? ನಾ ಹೇಳಿ ಆಗೈತಿ. ಈಗ ನೀ ಬ್ಯಾರೆ ಹೇಳಿದ್ರ ಇಬ್ಬರೂ ಸುಳ್ಳ ಆಕ್ಕೀವಿ. ನಿನಗ ಅಂಗಡಿ ಐತಿ, ಮಕ್ಕಳದಾವ. ನಾ ಒಬ್ಬಾಕಿ. ಮನೀಗೆ ಹೋಗು."

ಹೋದೆ. ದಾರಿಯಲ್ಲಿ ನನಗೆ ಆದದ್ದು ದುಃಖವಲ್ಲ, ನಿರಾಳ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆದದ್ದು ಅದೇ.

ಸಂಜೆಯೊಳಗೆ ಆ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. ಕಾಗವಾಡದಲ್ಲಿದ್ದ ಅಕ್ಕೋರ ತಂಗಿ ನೋಡಿದ್ದು ನೆರೆಮನೆಯವರ ಫೋನಿನಲ್ಲಂತೆ. ವಾರ ಕಳೆಯುವುದರೊಳಗೆ ಮನೆಯ ಮಾಲೀಕರು ಬಂದು, ನಮ್ಮ ಹುಡುಗಿಯ ಮದುವೆ ಇದೆ, ಮನೆ ಬೇಕಾಗಿದೆ ಎಂದರು. ಅಕ್ಕೋರು ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ತಂಗಿಯ ಮನೆಗೆ ಹೋದರು. ಬಸ್ಸಿಗೆ ಕಳಿಸಲು ಹೋಗಿದ್ದು ನಾನೊಬ್ಬಳೇ. ಸ್ಟ್ಯಾಂಡಿನಲ್ಲಿ ಅವರಿಗೆ ನಮಸ್ಕಾರ ಮಾಡದೆ ಹಾಯದಿದ್ದವರು ಆ ದಿನ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಎಂಟನೆಯ ಅಧ್ಯಾಯ ಎಲ್ಲಿ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಒಂದು ವರ್ಷ ಹಾಗೇ ಕಳೆಯಿತು. ಆಗಾಗ ಫೋನ್ ಮಾಡುತ್ತಿದ್ದೆ. ತಂಗಿಯ ಗಂಡನಿಗೆ ದ್ರಾಕ್ಷಿ ತೋಟವಿತ್ತು. ಅಕ್ಕೋರು ಮುಂಜಾನೆ ತೋಟದ ತನಕ ಹೋಗಿ ಬರುತ್ತೇನೆ, ಬೇರೇನೂ ಮಾಡುವುದಿಲ್ಲ ಎನ್ನುತ್ತಿದ್ದರು. ಬರೆಯುತ್ತೀರೇನ್ರಿ ಎಂದರೆ ಮಾತು ಬದಲಿಸುತ್ತಿದ್ದರು.

ಮತ್ತೆ ಅಕ್ಟೋಬರ್ ಬಂತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದಾಗ ಅಂಗಡಿಗೆ, ಅಂದು ಅಕ್ಕೋರ ಬಾಗಿಲಿಗೆ ಒರಗಿ ನಿಂತಿದ್ದ ಆ ನೆಂಟ ಬಂದ. ಸ್ಟೂಲ್ ಎಳೆದುಕೊಂಡು ಕೂತ. ಅತ್ತಿಗೆಯನ್ನು ಕರೆಯುವಂತೆ ನನ್ನನ್ನು ವೈನಿ ಎಂದೇ ಕರೆಯುವವನು.

"ವೈನಿ, ಒಂದ್ ಪಾಂಪ್ಲೆಟ್ ಟೈಪ್ ಮಾಡೂದಿತ್ತ. ಅರ್ಧ ಪುಟ. ನವೆಂಬರಕ್ಕ ಹಂಚಾಕ."

ಕಾಗದ ತೆಗೆದುಕೊಂಡೆ. ಮೇಲಿನ ಎರಡು ಸಾಲು ಓದಿದೆ. ಯಾರ ಅಂಗಡಿಯಲ್ಲಿ ಏನನ್ನೂ ಕೊಳ್ಳಬಾರದು ಎಂಬ ಪಟ್ಟಿ ಅದು. ಅದರಲ್ಲಿದ್ದ ಮೂವರು ನನ್ನ ಸಾಲಿನಲ್ಲೇ ಅಂಗಡಿ ಇಟ್ಟವರು.

"ಮಷೀನ್ ಯಾಕೋ ತ್ರಾಸ ಕೊಡಾಕತ್ತೈತ್ರಿ," ಎಂದೆ.

ಅವನು ನಕ್ಕ. ಸಿಟ್ಟಿನ ನಗೆಯಲ್ಲ. ಮನೆಯವರೊಂದಿಗೆ ನಗುವ ನಗೆ. "ಆ ಬಾಯಿ ಪುಸ್ತಕ ಮುಗೀತೇನ್ರಿ ವೈನಿ?"

"ಇಲ್ಲ."

"ಆವತ್ತ ಸ್ಟೇಟಸ್ ಹಾಕಿದ್ದು ನೀವ. ನಾ ನೋಡಿದ್ನಿ. ಹೂವಿಂದ ಚಿತ್ರಾನೂ ಇತ್ತ. ಅವರ ಡಬ್ಬಾ ಫೋನಿನ್ಯಾಗ ಯಾರರ ಸ್ಟೇಟಸ್ ಹಾಕ್ತಾರೇನ್ರಿ? ಅಲ್ಲಿದ್ದೋರಿಗೆಲ್ಲಾ ಗೊತ್ತಿತ್ತ." ಕಾಗದವನ್ನು ಬೆರಳಿನಿಂದ ನನ್ನ ಕಡೆ ಸರಿಸಿದ. "ಮನೀ ಹೆಣ್ಣಮಗಳು ಅಂತ ನಾವ್ಯಾರೂ ಬಾಯಿ ಬಿಡಲಿಲ್ಲ. ನಾಳಿ ಬರ್ತೀನ್ರಿ."

ಅವನು ಎದ್ದು ಹೋದ. ಷಟರ್ ಎಳೆದು ಕಾಗವಾಡದ ಬಸ್ಸು ಹತ್ತಿದೆ.

ಅಕ್ಕೋರು ತಂಗಿಯ ಮನೆಯ ಹಿಂದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಸೊರಗಿದ್ದರು. ಎಲ್ಲವನ್ನೂ ಹೇಳಿದೆ. ಹಾಕಿದ್ದು ನಾನು ಎಂಬುದಕ್ಕೆ ಅವರು, "ಅದು ನನಗ ಅವತ್ತ ಗೊತ್ತಿತ್ತ" ಎಂದಷ್ಟೇ ಹೇಳಿದರು. ಆದರೆ ಬಂದಿದ್ದ ಗಂಡಸರಿಗೆಲ್ಲ ಅದು ಗೊತ್ತಿತ್ತು ಎಂದಾಗ ಅಕ್ಕೋರ ಕೈ ನಿಂತಿತು.

"ಗೊತ್ತಿದ್ದೂ ನನ್ನ ಕೂರಿಸಿ ಓದಿಸಿದರು?"

"ಹೌದ್ರಿ."

"ಹಂಗಾರ ಅವರಿಗೆ ಯಾರು ಹಾಕಿದ್ರು ಅನ್ನೂದು ಬೇಕ ಇರಲಿಲ್ಲ." ಬೀಜದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ನಾ ಏನ ದೊಡ್ಡ ಕೆಲಸ ಮಾಡಿದ್ನಿ ಅಂತ ಒಂದ್ ವರ್ಷ ತಿಳಕೊಂಡು ಕುಂತಿದ್ನಿ ನೋಡು. ನಿನ್ನ ಉಳಿಸಿದ್ನಿ ಅಂತ. ಉಳಿಸಿರಲಿಲ್ಲ. ನಿನ್ನ ಅವರ ಕೈಯಾಗ ಕೊಟ್ಟ ಬಂದಿದ್ನಿ."

ನಾನು ಅತ್ತೆ. ಅವರು ಅಳಲಿಲ್ಲ. ಒಳಗೆ ಹೋಗಿ ಒಂದಿಷ್ಟು ಹಾಳೆ ತಂದರು. ಎಂಟನೆಯ ಅಧ್ಯಾಯ ಅರ್ಧ ಬರೆದು ಬಿಟ್ಟಿದ್ದು. ಆ ಹೆಣ್ಣುಮಗಳು ಮುದುಕಿಯಾಗಿ, ದೂರದ ಪರದೇಶದ ಊರೊಂದರಲ್ಲಿ ಬಟ್ಟೆ ಹೊಲಿದು ಬದುಕುತ್ತಾಳೆ. ಅದೇ ಓಣಿಯಲ್ಲಿ ತನ್ನ ದೇಶದ ಒಬ್ಬ ಕೂಲಿ ಹೆಂಗಸು ಸಿಗುತ್ತಾಳೆ. ಚಿಕ್ಕಂದಿನಲ್ಲಿ ಅಡಿಗೆಯವಳ ಬಾಯಲ್ಲಿ ಕೇಳಿದ್ದ ಆ ಭಾಷೆಯನ್ನು ಆಕೆಯಿಂದ ಅಕ್ಷರ ಅಕ್ಷರವಾಗಿ ಕಲಿಯಲು ಕೂಡುತ್ತಾಳೆ. ಅಲ್ಲಿಗೆ ನಿಂತಿತ್ತು.

"ಉಳಿದದ್ದು ಬರೀತೀನಿ. ಈ ಸಲ ಎಲ್ಲಾ ಪುಟದಾಗೂ ಹೆಸರು ಹಾಕ್ತೀನಿ, ಊರು ಹಾಕ್ತೀನಿ. ನಾಲಗಿ ತಿರುಗದಿದ್ರ ತಿರುಗಿಸಿಕೊಳ್ಳಲಿ. ನಿನಗ ಅಂಜಿಕಿ ಇದ್ರ ಟೈಪ್ ಮಾಡಬ್ಯಾಡ, ಮಿರಜಿನ್ಯಾಗ ಮಾಡಿಸ್ತೀನಿ."

"ನಾನ ಮಾಡ್ತೀನ್ರಿ," ಎಂದೆ. ಅಂಜಿಕೆ ಇಲ್ಲ ಎಂದು ಹೇಳಲಿಲ್ಲ.

ಮರುದಿನ ಅವನು ಹೇಳಿದಂತೆಯೇ ಬಂದ. ಕಾಗದವನ್ನು ವಾಪಸ್ಸು ಕೊಟ್ಟೆ. "ಇದು ನನ್ನ ಅಂಗಡಿಯಾಗ ಆಗೂದಿಲ್ಲ. ಮಷೀನ್ ಚಲೋನ ಐತಿ. ನಾನ ಮಾಡೂದಿಲ್ಲ. ಸ್ಟೇಟಸ್ ಹಾಕಿದ್ದು ನಾನ, ಅದನ್ನ ಯಾರಿಗೆ ಬೇಕಾದ್ರೂ ಹೇಳ್ರಿ." ಅವನು ಕಾಗದವನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ. "ನಿಮ್ಮ ಇಚ್ಛಾ ವೈನಿ" ಎಂದ. ಹೊರಗೆ ನಿಂತು ನನ್ನ ಬೋರ್ಡನ್ನು ಒಮ್ಮೆ ಪೂರ್ತಿ ಓದಿದ. ಆಮೇಲೆ ಗಾಡಿ ಹತ್ತಿ ಹೋದ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಮರುದಿನದಿಂದ ಮಕ್ಕಳನ್ನು ಸಾಲಿಗೆ ಅವನೇ ಬಿಟ್ಟು ಬರುತ್ತಾನೆ.

ಎಂಟನೆಯ ಅಧ್ಯಾಯ ಹೋದ ವಾರ ಟಪಾಲಿನಲ್ಲಿ ಬಂತು. ಪುಟಪುಟದಲ್ಲೂ ಹೆಸರುಗಳಿವೆ. ಟೈಪ್ ಮಾಡಲು ನಿಜಕ್ಕೂ ಕಷ್ಟ. ಒಂದೊಂದಕ್ಕೂ ಎರಡೆರಡು ಸಲ ಹಾಳೆ ನೋಡಬೇಕು. ಪುಸ್ತಕ ಅಚ್ಚು ಹಾಕಲು ಆಗುವುದಿಲ್ಲ ಎಂದು ನಿಪ್ಪಾಣಿಯ ಎರಡು ಪ್ರೆಸ್ಸಿನವರು ಈಗಾಗಲೇ ಹೇಳಿದ್ದಾರೆ. ನವೆಂಬರ್ ಒಂದಕ್ಕೆ ಇನ್ನು ಒಂಬತ್ತು ದಿನ. ಈ ತನಕ ಏನೂ ಆಗಿಲ್ಲ. ನಿನ್ನೆಯಿಂದ ಪಕ್ಕದ ಝೆರಾಕ್ಸಿನವರು ನನ್ನನ್ನು ಚಹಾಕ್ಕೆ ಕರೆಯುವುದನ್ನು ಬಿಟ್ಟಿದ್ದಾರೆ.